ಕಟ್ಟಿ ನೋಡು ಅಂದರು, ಇದ್ದು ನೋಡು ಅನ್ನಲಿಲ್ಲ

ನಮಸ್ಕಾರ ಮೇಷ್ಟ್ರೇ,

ತಿಪಟೂರಿನಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಸೈಟ್ ಕೊಂಡು, ಪಾಯ ತೆಗೆಸಿ, ದುಡ್ಡು ಬಂದಾಗ ಕಟ್ಟಿಸಿ, ಇಲ್ಲದಾಗ ನಿಲ್ಲಿಸಿ, ಒಂಬತ್ತು ವರ್ಷಕ್ಕೆ ಮನೆ ಮುಗಿಸಿದ್ದೀರಿ. ಗೃಹಪ್ರವೇಶ ಆಗಿ ಎರಡು ತಿಂಗಳು. ಸಂಜೆ ಐದಾದರೆ ಗೋಡೆಗೆ ನೀರು ಹೊಡೆಯಲು ಈಗಲೂ ಕಾಲು ಎಳೆಯುತ್ತದಂತೆ, ಆದರೆ ಹಸಿ ಗೋಡೆಯೇ ಇಲ್ಲ. "ಮನೆ ಬಂತು, ಖುಷಿ ಎಲ್ಲಿ ಹೋಯಿತು? ನನಗೇನು ದುರಾಸೆಯೇ?" ಎಂದು ಕೇಳಿದ್ದೀರಿ.

ದುರಾಸೆ ಅಲ್ಲ. ಒಂಬತ್ತು ವರ್ಷ ನಿಮಗೆ ನಾಳೆ ಏನು ಕೆಲಸ ಅಂತ ಗೊತ್ತಿತ್ತು. ಮೇಸ್ತ್ರಿ ಬರುತ್ತಾನಾ, ಸಿಮೆಂಟು ಸಾಲುತ್ತಾ, ಅಡುಗೆಮನೆ ಕಿಟಕಿ ಯಾವ ಕಡೆ ಅಂತ ಮನೆಯವರ ಜೊತೆ ಜಗಳ. ಈಗ ಕಿಟಕಿ ಕೂತಾಗಿದೆ. ಜಗಳಕ್ಕೂ ಏನೂ ಉಳಿದಿಲ್ಲ, ಅಲ್ವಾ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅನ್ನುವ ಗಾದೆ ಕಷ್ಟದ ಎಚ್ಚರಿಕೆ ಅಂತಲೇ ನಾವೆಲ್ಲ ತಿಳಿದಿದ್ದೇವೆ. ನಿಮ್ಮ ಪತ್ರ ಓದಿದ ಮೇಲೆ ನನಗೆ ಅನುಮಾನ. ಕಟ್ಟಿ ನೋಡು ಅಂದರೇ ಹೊರತು ಇದ್ದು ನೋಡು ಅನ್ನಲಿಲ್ಲ!

ಸ್ನೇಹಿತರು 'ಕರ್ಮಣ್ಯೇವಾಧಿಕಾರಸ್ತೇ' ಹೇಳಿ ಸಮಾಧಾನ ಮಾಡಿದರಂತೆ. ನನಗೇಕೋ ಅದು ಇಲ್ಲಿಗೆ ಹೊಂದುವುದಿಲ್ಲ. ಫಲದ ಆಸೆ ಬೇಡ ಅನ್ನುವ ಮಾತು ಅದು. ನೀವೋ ಅಷ್ಟೂ ದಿನ ಫಲದ ಮೇಲೇ ಕಣ್ಣಿಟ್ಟಿದ್ದಿರಿ. ಅದಕ್ಕೇ ಕೆಲಸ ರುಚಿಯಾಗಿತ್ತು. ಮನೆ ಆಗಲೇಬೇಕು ಅನ್ನುವ ಹಠ ಇಲ್ಲದಿದ್ದರೆ ಯಾರು ತಾನೇ ಬಿಸಿಲಲ್ಲಿ ನಿಂತು ಮರಳಿನ ಲೋಡು ಎಣಿಸುತ್ತಾರೆ?

ನಮ್ಮ ಕಚೇರಿಯಲ್ಲಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇದೆ. ಒಂದು ಪದ ನೋಡೋಣ ಅಂತ ತೆಗೆದರೆ ಪಕ್ಕದಲ್ಲೊಂದು ಗಾದೆ ಸಿಗುತ್ತದೆ, ಅದರಿಂದ ಇನ್ನೊಂದು ಪದ, ಅರ್ಧ ಗಂಟೆ ಹೋಗಿರುತ್ತದೆ. ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯಿಂದ 1853ರಲ್ಲಿ ಇಲ್ಲಿಗೆ ಬಂದವರು. ಹಳಗನ್ನಡ ಕಾವ್ಯಗಳಿಂದ, ಜನರ ಬಾಯಿಂದ ಪದ ಆಯ್ದರು. ನಡುವೆ ಜರ್ಮನಿಗೆ ಹೋದರು, ನಿಘಂಟಿನ ಕೆಲಸಕ್ಕೆ ಮತ್ತೆ ಬಂದರು. ಸುಮಾರು 70,000 ಪದಗಳ ಆ ಪುಸ್ತಕ 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. ಬೇಗ ಮುಗಿಸಿ ಕೈ ತೊಳೆದುಕೊಳ್ಳುವ ಮನಸ್ಸಿದ್ದವರು ಅಷ್ಟೊಂದು ಗಾದೆ ಸೇರಿಸುತ್ತಾರೆಯೇ? ಹುಡುಕುವುದು ಅವರಿಗೆ ಹಿಡಿಸಿತ್ತು ಅನ್ನುವುದಕ್ಕೆ ನನಗೆ ಆ ಪುಟಗಳೇ ಸಾಕ್ಷಿ.

ನಿಘಂಟು ಬಂದಾಗ ಅವರಿಗೆ 62 ವರ್ಷ. ಕಾಲು ಚಾಚಿ ಕೂರಬಹುದಿತ್ತು. ಕೂರಲಿಲ್ಲ, ಕನ್ನಡ ವ್ಯಾಕರಣ ಬರೆಯಲು ತೊಡಗಿದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಹಿಡಿದ ಪುಸ್ತಕ. ಅದು 1903ರಲ್ಲಿ ಬಂತು. ಅದೇ ವರ್ಷ ಅವರು ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ನಮ್ಮ ಜಿ. ವೆಂಕಟಸುಬ್ಬಯ್ಯನವರೂ ಹಾಗೆಯೇ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಗಿದ ಮೇಲೂ ಪದಗಳ ಸಹವಾಸ ಬಿಡಲಿಲ್ಲ.

ಹಾಗಂತ 'ದಾರಿಯೇ ಗುರಿ' ಅಂತ ಗೋಡೆ ಮೇಲೆ ಬರೆಸಿಕೊಳ್ಳುವವರ ಪಾರ್ಟಿ ನಾನಲ್ಲ. ತಾರಸಿ ಮಟ್ಟಕ್ಕೆ ಬಂದು ದುಡ್ಡು ನಿಂತು, ಇನ್ನೂ ಬಾಡಿಗೆ ಕಟ್ಟುತ್ತಿರುವವರ ಮುಂದೆ ಆ ಮಾತು ಹೇಳಿ ನೋಡಿ! ಮನೆ ಮುಗಿದದ್ದು ಸಣ್ಣ ವಿಷಯವಲ್ಲ. ಮಳೆ ಬಂದರೆ ಪಾತ್ರೆ ಇಡುವ ಕೆಲಸ ತಪ್ಪಿತು ಅಂತ ನಿಮ್ಮ ಮನೆಯವರು ಹೇಳಿದ್ದನ್ನು ನೀವೇ ಬರೆದಿದ್ದೀರಿ. ಅವರಿಗೆ ಈಗಿನ ಸಂಜೆಯೇ ಜಾಸ್ತಿ ಇಷ್ಟ ಇರಬಹುದು. ಒಮ್ಮೆ ಕೇಳಿ.

ಪತ್ರದ ಕೊನೆಗೆ, ಎದುರು ಸೈಟಿನಲ್ಲಿ ಪಾಯ ತೆಗೆಯುತ್ತಿದ್ದಾರೆ, ಮೂಲೆಮಟ್ಟ ಸರಿಯಾಗಿ ಹಿಡಿದಿಲ್ಲ ಅಂತ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ. ಹೋಗಿ ಹೇಳಿದಿರಾ? ಮುಂದಿನ ಪತ್ರದಲ್ಲಿ ತಿಳಿಸಿ.

– ಸಂಪಾದಕ