ಫುಲ್ ಸ್ಕಾಲರ್‌ಶಿಪ್ಪಾ, ಆಸೆಪಟ್ಟ ಕಾಲೇಜಾ?

ಪ್ರಶ್ನೆ: ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಎರಡು ಎಕರೆ ತೆಂಗಿನ ತೋಟ, ಜೊತೆಗೆ ಒಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಮಗಳು ಪಿಯುಸಿ ಮುಗಿಸಿದ್ದಾಳೆ. ಕಾಮೆಡ್-ಕೆಯಲ್ಲಿ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಬೆಂಗಳೂರಿನ ಒಂದು ದೊಡ್ಡ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವ ಹಾಗಿದೆ. ಹೈಸ್ಕೂಲಿನಿಂದಲೂ ಅವಳಿಗೆ ಅದೇ ಕಾಲೇಜಿನ ಆಸೆ. ಫೀಸು ವರ್ಷಕ್ಕೆ 2.75 ಲಕ್ಷ, ಹಾಸ್ಟೆಲ್ಲು ಊಟ ಸೇರಿ ಇನ್ನೊಂದು 1.25 ಲಕ್ಷ. ಇನ್ನೊಂದು ಕಡೆ, ಒಂದು ಖಾಸಗಿ ವಿಶ್ವವಿದ್ಯಾಲಯ ಅವಳ ಮಾರ್ಕ್ಸ್ ನೋಡಿ ನಾಲ್ಕೂ ವರ್ಷದ ಟ್ಯೂಷನ್ ಫೀಸು ಪೂರ್ತಿ ಮಾಫಿ ಮಾಡುತ್ತೇವೆ ಅಂದಿದೆ. ಅಲ್ಲೂ ಕಂಪ್ಯೂಟರ್ ಸೈನ್ಸೇ. ಹಾಸ್ಟೆಲ್ ಖರ್ಚು ವರ್ಷಕ್ಕೆ 1 ಲಕ್ಷ. ನನ್ನ ಕೈಯಿಂದ ವರ್ಷಕ್ಕೆ ಒಂದು ಲಕ್ಷ ಹೇಗೋ ಹೊಂದಿಸಬಹುದು, ಉಳಿದದ್ದಕ್ಕೆ ಸಾಲವೇ ಗತಿ. ಚಿಕ್ಕವನು ಒಂಬತ್ತನೇ ಕ್ಲಾಸು. ನನ್ನ ಹೆಂಡತಿ ಸ್ಕಾಲರ್‌ಶಿಪ್ ಬಿಡಬೇಡಿ ಅಂತಾಳೆ. ಮಗಳು ಬಾಯಿಬಿಟ್ಟು ಏನೂ ಹೇಳುತ್ತಿಲ್ಲ, ಆದರೆ ಸರಿಯಾಗಿ ಊಟ ಮಾಡುತ್ತಿಲ್ಲ. ಏನು ಮಾಡಲಿ?

ಉತ್ತರ: ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಪರಿಸ್ಥಿತಿಗೆ ಸ್ಕಾಲರ್‌ಶಿಪ್ ಸೀಟೇ ಸರಿ. ಆದರೆ ಆ ಸ್ಕಾಲರ್‌ಶಿಪ್ಪಿನ ಷರತ್ತುಗಳು ಕಾಗದದಲ್ಲಿ ನಿಮ್ಮ ಕೈಗೆ ಬರಬೇಕು. ಅದನ್ನು ನೀವೂ ಮಗಳೂ ಕೂತು ಓದಬೇಕು. ಅದಾಗುವವರೆಗೆ ಕಾಮೆಡ್-ಕೆ ಸೀಟಿನ ಆಸೆಯನ್ನು ಪೂರ್ತಿ ಬಿಡಬೇಡಿ.

ಯಾಕೆ ಅಂತ ಲೆಕ್ಕ ಹಾಕೋಣ. ಬೆಂಗಳೂರಿನ ಕಾಲೇಜಿಗೆ ನಾಲ್ಕು ವರ್ಷಕ್ಕೆ 16 ಲಕ್ಷ ಬೇಕು. ನೀವು ಕೊಡುವ 4 ಲಕ್ಷ ಕಳೆದರೆ 12 ಲಕ್ಷ ಸಾಲ. ವರ್ಷಕ್ಕೆ 3 ಲಕ್ಷದಂತೆ ಬ್ಯಾಂಕು ಕೊಡುತ್ತಾ ಹೋಗುತ್ತದೆ, ಬಡ್ಡಿ ಶೇ 10 ಅಂದುಕೊಳ್ಳಿ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಅನ್ನುವುದು ನಿಜ, ಆದರೆ ಅಷ್ಟೂ ದಿನ ಬಡ್ಡಿ ಸುಮ್ಮನೆ ಕೂತಿರುವುದಿಲ್ಲ. ಬರೀ ಸರಳ ಬಡ್ಡಿ ಹಾಕಿದರೂ ಕಂತು ಶುರುವಾಗುವ ಹೊತ್ತಿಗೆ 4.2 ಲಕ್ಷ ಬೆಳೆದಿರುತ್ತದೆ. ಒಟ್ಟು 16.2 ಲಕ್ಷ. ಅದನ್ನು ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 21,400 ರೂಪಾಯಿ ಕಂತು. ಕೊನೆಗೆ ನೀವು ಕಟ್ಟಿರುವುದು ಹತ್ತಿರ ಹತ್ತಿರ 26 ಲಕ್ಷ.

ಈ 21,400 ಅನ್ನುವ ಸಂಖ್ಯೆಯನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಳ್ಳಿ. ದೊಡ್ಡ ಐಟಿ ಸರ್ವೀಸ್ ಕಂಪನಿಗಳು ಹೊಸಬರಿಗೆ ಕೊಡುವ ಮಾಮೂಲಿ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಪಿಎಫ್ ಅದು ಇದು ಹಿಡಿದು ಕೈಗೆ ಬರುವುದು ತಿಂಗಳಿಗೆ 25 ಸಾವಿರದ ಹತ್ತಿರ. ಅದರಲ್ಲಿ ಕಂತು ಹೋದರೆ ಪಿಜಿ ಬಾಡಿಗೆಗೂ ಸಾಲದು. ಬೆಂಗಳೂರಿನ ಒಳ್ಳೆ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಲ್ಲಿ ಬಹಳ ಜನಕ್ಕೆ ಇದಕ್ಕಿಂತ ಜಾಸ್ತಿ ಸಂಬಳ ಸಿಗುತ್ತದೆ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಸಿಗದವರೂ ಅದೇ ಕ್ಲಾಸಿನಲ್ಲೇ ಇರುತ್ತಾರೆ ಅಲ್ವಾ? 2022ರಲ್ಲಿ ಆಫರ್ ಲೆಟರ್ ಕೈಯಲ್ಲಿದ್ದ ಎಷ್ಟೋ ಮಕ್ಕಳನ್ನು ಕಂಪನಿಗಳು ತಿಂಗಳುಗಟ್ಟಲೆ ಕಾಯಿಸಿದವು, ಕೆಲವರನ್ನು ವರ್ಷಕ್ಕಿಂತ ಹೆಚ್ಚು. ಅಂಥ ವರ್ಷ ಬಂದರೂ ಬ್ಯಾಂಕಿನ ಕಂತು ತಪ್ಪುವುದಿಲ್ಲ. ಆಗ ಕಟ್ಟಬೇಕಾದವರು ನೀವು. ಕೊಬ್ಬರಿ ರೇಟು ಎದ್ದ ವರ್ಷ ಕಟ್ಟಿಬಿಡಬಹುದು ಅನ್ನಿಸುತ್ತದೆ, ಬಿದ್ದ ವರ್ಷ ಹೇಗಿರುತ್ತದೆ ಅಂತ ತಿಪಟೂರಿನವರಿಗೆ ನಾನು ಹೇಳಬೇಕಾಗಿಲ್ಲ. ಆ ಹೊತ್ತಿಗೆ ನಿಮ್ಮ ಮಗನ ಕಾಲೇಜು ಫೀಸೂ ಜೊತೆಗೇ ಇರುತ್ತದೆ.

ಇನ್ನೊಂದು ತೊಡಕು, ಇದನ್ನು ಬಹಳ ಜನ ಸೀಟು ತಗೊಂಡ ಮೇಲೆ ತಿಳಿದುಕೊಳ್ಳುತ್ತಾರೆ. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಬ್ಯಾಂಕುಗಳು ಆಸ್ತಿ ಅಡಮಾನ ಕೇಳುತ್ತವೆ. ತೋಟ ಇದೆಯಲ್ಲ ಅನ್ನಬಹುದು, ಆದರೆ ಕೃಷಿ ಜಮೀನನ್ನು ಅಡಮಾನ ಇಟ್ಟುಕೊಳ್ಳಲು ಬ್ಯಾಂಕುಗಳು ಹಿಂದೆ ಮುಂದೆ ನೋಡುತ್ತವೆ. ಹಾಗಾಗಿ ಅದು ಕೊನೆಗೆ ವಾಸದ ಮನೆಯ ಪತ್ರಕ್ಕೆ ಬಂದು ನಿಲ್ಲುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ 3ರಷ್ಟು ಬಡ್ಡಿ ರಿಯಾಯಿತಿಯೂ ಇದೆ. ಆದರೆ ಅದು ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ, ಬಡ್ಡಿ ರಿಯಾಯಿತಿ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಬೆಂಗಳೂರಿನ ಆ ಕಾಲೇಜು ಪಟ್ಟಿಯಲ್ಲಿದೆಯಾ ಅಂತ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲೇ ನೋಡಿ. ಏಜೆಂಟರ ಮಾತು ಬೇಡ.

ಈಗ ಸ್ಕಾಲರ್‌ಶಿಪ್ ಕಾಗದದ ವಿಷಯ. ಇಲ್ಲೇ ಮನೆಗಳು ಎಡವುವುದು. "ನಾಲ್ಕೂ ವರ್ಷ ಮಾಫಿ" ಅಂತ ಕೌನ್ಸೆಲರ್ ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಮಂಜೂರಾತಿ ಪತ್ರದಲ್ಲಿ ಏನಿದೆ? ಪ್ರತಿ ವರ್ಷ ಮುಂದುವರಿಯಲು ಎಷ್ಟು ಸಿಜಿಪಿಎ (ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಬೇಕು? 7 ಅಂದರೆ ನಿಮ್ಮ ಮಗಳಂಥವರು ನೆಮ್ಮದಿಯಾಗಿ ಓದಬಹುದು. 8.5 ಅಂದರೆ ಪ್ರತಿ ಸೆಮಿಸ್ಟರೂ ಎದೆ ಢವಢವ. 9 ಅಂತ ಬರೆದಿದ್ದರೆ ನಾನು ಅದನ್ನು ಒಂದು ವರ್ಷದ ಸ್ಕಾಲರ್‌ಶಿಪ್ ಅಂತಲೇ ಲೆಕ್ಕ ಹಿಡಿಯುತ್ತೇನೆ, ಯಾಕಂದರೆ ಪಿಯುಸಿಯಲ್ಲಿ 95 ತೆಗೆದ ಮಕ್ಕಳೂ ಮೊದಲ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್ಲಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಗಣಿತದಲ್ಲಿ ಜಾರುತ್ತಾರೆ. ಒಂದು ಸಬ್ಜೆಕ್ಟ್ ಬ್ಯಾಕ್ ಆದರೆ ಪೂರ್ತಿ ಹೋಗುತ್ತದಾ? ಒಮ್ಮೆ ತಪ್ಪಿದರೆ ಮುಂದಿನ ವರ್ಷ ಅಂಕ ತೆಗೆದು ವಾಪಸ್ ಪಡೆಯಬಹುದಾ? ತಪ್ಪಿದ ವರ್ಷ ಕಟ್ಟಬೇಕಾದ ಪೂರ್ತಿ ಫೀಸು ಎಷ್ಟು? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆ ಫೀಸು ನಾಲ್ಕು ಲಕ್ಷ ಇದ್ದರೆ ಎರಡನೇ ವರ್ಷದಲ್ಲಿ ನೀವು ಬೆಂಗಳೂರಿನ ಕಾಲೇಜಿಗಿಂತ ದುಬಾರಿ ಕಾಲೇಜಿನಲ್ಲಿ ಸಿಕ್ಕಿಕೊಂಡಿರುತ್ತೀರಿ. ಟ್ಯೂಷನ್ ಫೀಸು ಬಿಟ್ಟು ಪರೀಕ್ಷೆ, ಲ್ಯಾಬು, ಪ್ಲೇಸ್‌ಮೆಂಟ್ ಟ್ರೈನಿಂಗು, ಸಮವಸ್ತ್ರ ಅಂತ ಎಷ್ಟು ತಗೊಳ್ಳುತ್ತಾರೆ, ಅದನ್ನೂ ಬರೆಸಿಕೊಳ್ಳಿ. ಇಮೇಲ್‌ನಲ್ಲಿ ಉತ್ತರ ಕೊಟ್ಟರೂ ಸಾಕು. ಕೊಡುವುದಿಲ್ಲ ಅಂದರೆ ಆ ಸೀಟು ಬೇಡ, ಆಗ ನನ್ನ ಸಲಹೆಯೇ ಬದಲಾಗುತ್ತದೆ.

ಕಾಲೇಜನ್ನು ನೋಡಿಕೊಂಡು ಬನ್ನಿ, ಮಗಳನ್ನು ಕರೆದುಕೊಂಡೇ ಹೋಗಿ. ಭಾನುವಾರ ಬೇಡ, ಕ್ಲಾಸು ನಡೆಯುವ ದಿನ. ಅಡ್ಮಿಷನ್ ಆಫೀಸಿನ ಸೋಫಾದಲ್ಲಿ ಕೂತರೆ ತೋರಿಸುವುದು ಹೈಯೆಸ್ಟ್ ಪ್ಯಾಕೇಜಿನ ಪೋಸ್ಟರು. ಅಲ್ಲಿಂದ ಎದ್ದು ಕ್ಯಾಂಟೀನಿಗೆ ಹೋಗಿ. ಮೂರನೇ, ನಾಲ್ಕನೇ ವರ್ಷದ ಕಂಪ್ಯೂಟರ್ ಸೈನ್ಸ್ ಮಕ್ಕಳು ಸಿಗುತ್ತಾರೆ. ನಿಮ್ಮ ಸೆಕ್ಷನ್‌ನಲ್ಲಿ ಎಷ್ಟು ಜನ, ಅದರಲ್ಲಿ ಎಷ್ಟು ಜನಕ್ಕೆ ಕೆಲಸ ಆಯ್ತು, ಮಧ್ಯದಲ್ಲಿರುವ ವಿದ್ಯಾರ್ಥಿಗೆ ಎಷ್ಟು ಸಂಬಳ ಸಿಕ್ಕಿತು, ಸ್ಕಾಲರ್‌ಶಿಪ್‌ನಲ್ಲಿ ಬಂದವರಲ್ಲಿ ಯಾರದ್ದಾದರೂ ನಿಂತುಹೋಗಿದೆಯಾ ಅಂತ ಕೇಳಿ. ಮಕ್ಕಳು ಮುಚ್ಚಿಡುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಲ್ಯಾಬಿನ ಬಾಗಿಲಲ್ಲಿ ನಿಂತು ನೋಡಿ. ಮೇಷ್ಟ್ರು ಮಕ್ಕಳ ಪಕ್ಕ ನಿಂತು ಪ್ರೋಗ್ರಾಂ ತಿದ್ದುತ್ತಿದ್ದಾರಾ, ಇಲ್ಲಾ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿ ಕಳಿಸುತ್ತಿದ್ದಾರಾ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ನೀವು ಸರ್ಕಾರಿ ಕೋಟಾ ಸೀಟು ಕೊಡುವ ಸಿಇಟಿ ಪರೀಕ್ಷೆಯ ರ‍್ಯಾಂಕ್ ಬಗ್ಗೆ ಏನೂ ಬರೆದಿಲ್ಲ. ಕಾಮೆಡ್-ಕೆಯಲ್ಲಿ ಇಷ್ಟು ಒಳ್ಳೆಯ ರ‍್ಯಾಂಕ್ ಬಂದಿದ್ದರೆ ಸಿಇಟಿಯಲ್ಲೂ ಬಂದಿರಬೇಕಲ್ಲವೇ? ಅದೇ ಬೆಂಗಳೂರಿನ ಕಾಲೇಜಿನಲ್ಲಿ ಸಿಇಟಿ ಸೀಟಿನ ಫೀಸು ಕಾಮೆಡ್-ಕೆಗಿಂತ ಎಷ್ಟೋ ಕಡಿಮೆ. ಅದರ ಮೇಲೆ ಎಸ್‌ಎನ್‌ಕ್ಯೂ ಅಂತ ಶೇ 5ರಷ್ಟು ಹೆಚ್ಚುವರಿ ಸೀಟುಗಳಿರುತ್ತವೆ. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ ರ‍್ಯಾಂಕ್ ಪ್ರಕಾರ ಸಿಗುತ್ತದೆ, ಟ್ಯೂಷನ್ ಫೀಸು ಇರುವುದಿಲ್ಲ. ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತಗೊಂಡು ಸಿದ್ಧವಿರಲಿ. 1917ರಲ್ಲಿ ಶುರುವಾದ ಕೆ.ಆರ್. ವೃತ್ತದ ಯುವಿಸಿಇಯನ್ನೂ (ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು) ಆಯ್ಕೆಯ ಪಟ್ಟಿಯಲ್ಲಿ ಮೇಲೆ ಹಾಕಿ. ಅದು ಸರ್ಕಾರಿ ಕಾಲೇಜು, ಬೆಂಗಳೂರೂ ಸಿಕ್ಕ ಹಾಗಾಯಿತು. ಹಿಂದುಳಿದ ವರ್ಗದವರಾದರೆ ಸಿಇಟಿ ಮೂಲಕ ಸೇರಿದವರಿಗೆ ದೇವರಾಜ ಅರಸು ನಿಗಮದ ಅರಿವು ಸಾಲ ಇದೆ, ಬಡ್ಡಿ ಶೇ 2. ಈ ದಾರಿಯಲ್ಲಿ ಕಂಪ್ಯೂಟರ್ ಸೈನ್ಸ್ ಬೆಂಗಳೂರಿನಲ್ಲೇ ಸಿಕ್ಕರೆ ಖಾಸಗಿ ವಿಶ್ವವಿದ್ಯಾಲಯದ ಸ್ಕಾಲರ್‌ಶಿಪ್ಪನ್ನೂ ಬಿಟ್ಟು ಅಲ್ಲಿಗೇ ಕಳಿಸಿ ಅನ್ನುತ್ತೇನೆ. ಐಐಟಿ ಆಗಿದ್ದರಂತೂ ಮಾತೇ ಬೇರೆ. ಅಲ್ಲಿ ಬಿ.ಟೆಕ್‌ಗೆ ಮನೆಯ ಆದಾಯ 1 ಲಕ್ಷದ ಒಳಗಿದ್ದರೆ ಟ್ಯೂಷನ್ ಫೀಸು ಪೂರ್ತಿ ಮಾಫಿ, 5 ಲಕ್ಷದವರೆಗೆ ಮೂರರಲ್ಲಿ ಎರಡು ಪಾಲು ಮಾಫಿ. ಬಾಕಿಗೆ ಸಾಲ ಮಾಡಿದರೂ ನಾನು ಬೇಡ ಅನ್ನುತ್ತಿರಲಿಲ್ಲ.

ಕೊನೆಯದು ಮಗಳ ವಿಷಯ, ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ಅದೇ. ಅವಳು ಮಾತಾಡದೆ ಇರುವುದು ಒಪ್ಪಿಗೆ ಅಲ್ಲ. ನೀವೂ ನಿಮ್ಮ ಮನೆಯವರೂ ಅವಳ ಬೆನ್ನ ಹಿಂದೆ ಮಾತಾಡಿ ತೀರ್ಮಾನ ಮಾಡಿದರೆ ನಾಲ್ಕು ವರ್ಷ ಅವಳು ಆ ಕಾಲೇಜನ್ನು ಶಿಕ್ಷೆ ಅಂತಲೇ ನೋಡುತ್ತಾಳೆ. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವಳ ಕೈಗೇ ಕೊಡಿ, ಅಂಗಡಿಯ ವರಮಾನವನ್ನೂ ಮುಚ್ಚಿಡದೆ ಹೇಳಿ. ಹದಿನೆಂಟು ವರ್ಷದ ಹುಡುಗಿ, ಅವಳಿಗೆ ಅರ್ಥವಾಗುತ್ತದೆ. ಸಾಲದ ಕಾಗದಕ್ಕೆ ಸಹಿ ಹಾಕುವವಳೂ ಅವಳೇ ತಾನೆ. ಆಮೇಲೆ ಕೇಳಿ: ಆ ಕಾಲೇಜಿನಲ್ಲಿ ನಿನಗೆ ಏನು ಇಷ್ಟ? ಬೆಂಗಳೂರಾ, ಗೆಳತಿಯರಾ, ಕೋಡಿಂಗ್ ಕ್ಲಬ್ಬಾ, ಕಂಪನಿಗಳಾ? ಬರುವ ಉತ್ತರದಲ್ಲಿ ಅರ್ಧವನ್ನಾದರೂ ಬೇರೆ ದಾರಿಯಲ್ಲಿ ಕೊಡಿಸಬಹುದು. ಸ್ಕಾಲರ್‌ಶಿಪ್ ಸೀಟು ತಗೊಂಡರೆ 12 ಲಕ್ಷದ ಸಾಲ ತಪ್ಪುತ್ತದೆ, ಅದರ ಒಂದು ಚಿಕ್ಕ ಪಾಲಿನಷ್ಟು, ಒಂದೂವರೆ ಲಕ್ಷ ಅನ್ನಿ, ಅವಳಿಗಾಗಿ ಬೇರೆ ತೆಗೆದಿಡುತ್ತೇವೆ ಅಂತ ಮಾತು ಕೊಡಿ. ಒಳ್ಳೆಯ ಲ್ಯಾಪ್‌ಟಾಪ್, ಎರಡನೇ ಮೂರನೇ ವರ್ಷದ ರಜೆಯಲ್ಲಿ ಬೆಂಗಳೂರಿನ ಪಿಜಿಯಲ್ಲಿದ್ದು ಇಂಟರ್ನ್‌ಶಿಪ್, ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಗೆ ತಯಾರಿ. ಗೇಟ್‌ನಲ್ಲಿ ಚೆನ್ನಾಗಿ ಮಾಡಿದರೆ ಐಐಎಸ್‌ಸಿ, ಐಐಟಿಗಳಲ್ಲಿ ಎಂ.ಟೆಕ್ ಓದುವಾಗ ತಿಂಗಳಿಗೆ 12,400 ರೂಪಾಯಿ ಅವರೇ ಕೊಡುತ್ತಾರೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಆನ್‌ಲೈನ್ ಪಾಠ ಪುಕ್ಕಟೆ ಇದೆ, ಅದನ್ನು ಈ ರಜೆಯಲ್ಲೇ ಶುರು ಮಾಡಬಹುದು.

ಇಷ್ಟೆಲ್ಲ ನೋಡಿಯೂ ಅವಳು ಬೆಂಗಳೂರೇ ಬೇಕು ಅಂದರೆ ಬೈಯಬೇಡಿ. ಸಾಲ 7.5 ಲಕ್ಷದ ಒಳಗೆ ನಿಲ್ಲುವ ದಾರಿ ಇದೆಯಾ ಅಂತ ಒಟ್ಟಿಗೆ ಹುಡುಕಿ. ಮನೆ ಪತ್ರ ಮಾತ್ರ ಹೊರಗೆ ಹೋಗಬಾರದು.

ಪ್ರಶ್ನೆ: ಕಳೆದ ವರ್ಷ ಸ್ಕಾಲರ್‌ಶಿಪ್ ಅಂತಲೇ ಒಂದು ಕಾಲೇಜು ಸೇರಿದೆ. ವರ್ಷದ ಕೊನೆಗೆ 8 ಸಿಜಿಪಿಎ ಇರಬೇಕು ಅಂತ ನಿಯಮ. ಮೊದಲ ಸೆಮಿಸ್ಟರ್‌ನಲ್ಲಿ 7.6 ಬಂತು. ಮನೆಯಲ್ಲಿ ಇನ್ನೂ ಹೇಳಿಲ್ಲ. ಭಯ ಆಗುತ್ತಿದೆ.

ಉತ್ತರ: ಭಯ ಬೇಡ, ಇನ್ನೂ ಏನೂ ಕೈಬಿಟ್ಟು ಹೋಗಿಲ್ಲ. ಎರಡೂ ಸೆಮಿಸ್ಟರಿನ ಕ್ರೆಡಿಟ್ (ಸಬ್ಜೆಕ್ಟಿಗೆ ಕೊಡುವ ತೂಕ) ಸಮ ಇದ್ದರೆ ಈ ಸಲ 8.4 ಬಂದರೆ ಒಟ್ಟು 8 ಆಗುತ್ತದೆ. ಜಾಸ್ತಿ ಕ್ರೆಡಿಟ್ ಇರುವ ಸಬ್ಜೆಕ್ಟ್ ಯಾವುದು ಅಂತ ನೋಡಿ, ಮೊದಲು ಅದನ್ನು ಹಿಡಿಯಿರಿ. ನಾಲ್ಕು ಕ್ರೆಡಿಟ್‌ನ ಗಣಿತದಲ್ಲಿ ಒಂದು ಗ್ರೇಡ್ ಮೇಲೆ ಹೋಗುವುದಕ್ಕೂ ಒಂದು ಕ್ರೆಡಿಟ್‌ನ ಲ್ಯಾಬಿನಲ್ಲಿ ಮೇಲೆ ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಇಂಟರ್ನಲ್ಸ್ ಅಂಕಗಳು ಈಗಲೇ ನಿಮ್ಮ ಕೈಯಲ್ಲಿವೆ, ಅವನ್ನು ಬಿಡಬೇಡಿ. ಮೊದಲ ಸೆಮಿಸ್ಟರಿನ ಯಾವುದಾದರೂ ಪೇಪರಿನಲ್ಲಿ ನಿರೀಕ್ಷೆಗಿಂತ ತೀರಾ ಕಡಿಮೆ ಬಂದಿದ್ದರೆ ಮರುಮೌಲ್ಯಮಾಪನದ ದಿನಾಂಕ ಮುಗಿದಿದೆಯಾ ನೋಡಿ.

ಈ ವಾರವೇ ಸ್ಕಾಲರ್‌ಶಿಪ್ ನೋಡಿಕೊಳ್ಳುವ ಅಧಿಕಾರಿಯನ್ನೋ ಡೀನ್ ಅವರನ್ನೋ ಭೇಟಿ ಮಾಡಿ. 8ಕ್ಕೆ ಸ್ವಲ್ಪ ಕಡಿಮೆ ಬಂದರೆ ಭಾಗಶಃ ಮಾಫಿ ಇದೆಯಾ, ಒಂದು ಸೆಮಿಸ್ಟರ್ ಅವಕಾಶ ಕೊಡುತ್ತಾರಾ ಅಂತ ಕೇಳಿ. ಫಲಿತಾಂಶ ಬಂದ ಮೇಲೆ ಅಳುತ್ತಾ ಹೋಗುವುದಕ್ಕಿಂತ ಮೊದಲೇ ಹೋದವರ ಮಾತನ್ನು ಅವರು ಹೆಚ್ಚು ಕೇಳುತ್ತಾರೆ. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನಿಮ್ಮ ವರ್ಗಕ್ಕೆ ಬರುವ ಶುಲ್ಕ ಮರುಪಾವತಿಗೂ ಅರ್ಜಿ ಹಾಕಿಡಿ.

ಮನೆಯಲ್ಲಿ ಇವತ್ತೇ ಹೇಳಿ. ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಎರಡು ಲಕ್ಷ ಬೇಕು ಅಂದರೆ ಅಪ್ಪ ಕೈಸಾಲಕ್ಕೆ ಓಡಬೇಕಾಗುತ್ತದೆ. ಈಗಲೇ ಗೊತ್ತಾದರೆ ಬ್ಯಾಂಕಿಗೆ ಅರ್ಜಿ ಹಾಕಲು ಅವರಿಗೆ ನಾಲ್ಕೈದು ತಿಂಗಳು ಸಿಗುತ್ತದೆ.