ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ!

ಮನೆ ಕರೆಂಟಿನ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದವರು, ಮಲೆನಾಡಿನಲ್ಲಿ 34 ವರ್ಷ ವೈರಿಂಗ್ ಕೆಲಸ ಮಾಡಿ ಈಗ ಮಗನಿಗೆ ಏಣಿ ಬಿಟ್ಟುಕೊಟ್ಟಿರುವ ಒಬ್ಬ ಎಲೆಕ್ಟ್ರಿಷಿಯನ್.

ಪ್ರಶ್ನೆ: ಮಳೆಗಾಲ ಶುರುವಾದಾಗಿನಿಂದ ಗೀಸರ್ ಇರುವ ಬಚ್ಚಲಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಜೋರಾಗಿ ಅಲ್ಲ, ಇರುವೆ ಹರಿದ ಹಾಗೆ. ನಮ್ಮ ಯಜಮಾನರು, "ಹವಾಯಿ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು, ಏನೂ ಆಗಲ್ಲ" ಅನ್ನುತ್ತಾರೆ. ಸರಿಯೇ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ಇದನ್ನು ಓದಿದ ಕೂಡಲೇ ಕೈ ಒರೆಸಿಕೊಂಡು ಗೀಸರಿನ ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೂ ಕಿತ್ತಿಡಿ. ನಿಂತಿತಾ ಅಂತ ಮತ್ತೆ ನಲ್ಲಿ ಮುಟ್ಟಿ ನೋಡಬೇಡಿ. ಆ ಕೆಲಸ ಮೀಟರ್ ಇರುವವನು ಬಂದು ಮಾಡಲಿ. ಯಜಮಾನರ ಚಪ್ಪಲಿ ಉಪಾಯ ನಡೆಯುವುದಿಲ್ಲ. ಒಂದು ಕೈ ನಲ್ಲಿಯ ಮೇಲೆ, ಇನ್ನೊಂದು ಕೈ ಒದ್ದೆ ಗೋಡೆಯ ಮೇಲೆ ಇದ್ದರೆ ಕರೆಂಟಿಗೆ ನಿಮ್ಮ ಕಾಲು ಬೇಕಾಗೇ ಇಲ್ಲ. ಎದೆಯ ಮೂಲಕವೇ ಹೋಗುತ್ತದೆ.

ಜುಮ್ ಅನ್ನುತ್ತಿದೆ ಅಂದರೆ ಸಾಮಾನ್ಯವಾಗಿ ಎರಡು ತಪ್ಪು ಒಟ್ಟಿಗೆ ಆಗಿರುತ್ತವೆ. ಒಂದು, ಗೀಸರಿನೊಳಗಿನ ಕಾಯಿಲ್ ಎಲ್ಲೋ ತೂತು ಬಿದ್ದು ಕರೆಂಟು ನೀರಿಗೆ ಬರುತ್ತಿದೆ. ಇನ್ನೊಂದು, ಹಾಗೆ ಬಂದ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಅರ್ಥಿಂಗ್ ಸತ್ತಿದೆ. ಅರ್ಥಿಂಗ್ ಸರಿಯಿದ್ದರೆ ಕರೆಂಟು ಆ ದಾರಿಯಲ್ಲಿ ಹೋಗುತ್ತಿತ್ತು, ನಿಮ್ಮ ಕೈ ಹುಡುಕಿಕೊಂಡು ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಸುಮ್ಮನಿದ್ದದ್ದು ಈಗ ಯಾಕೆ ಅಂತೀರಾ? ನಮ್ಮ ಕಡೆ ಜುಲೈನಲ್ಲಿ ಗೋಡೆಯೂ ನೆಲವೂ ನೀರು ಕುಡಿದು ಕೂತಿರುತ್ತವೆ. ಎಲ್ಲ ಕಡೆ ದಾರಿ ತೆರೆದ ಹಾಗೆ.

ಕೊಪ್ಪದ ಹತ್ತಿರ ಒಂದು ಮನೆಗೆ ಇದೇ ದೂರಿಗೆ ಹೋಗಿದ್ದೆ. ಗೀಸರಿನ ಪ್ಲಗ್ ಬಿಚ್ಚಿದೆ. ಕೆಂಪು ವೈರು ಇದೆ, ಕಪ್ಪು ಇದೆ. ಹಸಿರನ್ನು ಯಾರೋ ಪುಣ್ಯಾತ್ಮ ಚೋಟುದ್ದ ಕತ್ತರಿಸಿ, ಹಿಂದಕ್ಕೆ ಮಡಚಿ, ಮೇಲೆ ಟೇಪು ಸುತ್ತಿದ್ದ. ಆ ಹಸಿರೇ ಅರ್ಥ್ ವೈರು! ಸರಿ ಮಾಡಿ ಹಿತ್ತಿಲಿಗೆ ಹೋದರೆ ಅರ್ಥಿಂಗ್ ಗುಂಡಿಯ ಪೈಪೊಂದೇ ನಿಂತಿದೆ, ಅದಕ್ಕೆ ಬಿಗಿದಿದ್ದ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಮಾಯ. ನೋಡಿದರೆ ಮಲ್ಲಿಗೆ ಬಳ್ಳಿಗೆ ಚಪ್ಪರ ಕಟ್ಟಿದ್ದರು. "ಸುಮ್ನೆ ನೇತಾಡ್ತಾ ಇತ್ತು, ಗಟ್ಟಿ ತಂತಿ ಅಲ್ವಾ" ಅಂದರು ಮನೆಯ ಅಜ್ಜಿ. ಮಲ್ಲಿಗೆ ಮಾತ್ರ ಚೆನ್ನಾಗಿ ಹಬ್ಬಿತ್ತು.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನದು ದಪ್ಪಗೆ, ಉದ್ದಕ್ಕೆ ಇರುತ್ತದಲ್ಲ, ಅದೇ ಅರ್ಥ್. ಒಳಗೆ ಹೋಗುವಾಗ ಮೊದಲು ತಾಗಲಿ, ಹೊರಗೆ ಬರುವಾಗ ಕೊನೆಗೆ ಬಿಡಲಿ ಅಂತಲೇ ಉದ್ದ ಮಾಡಿರುವುದು. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕಾಯಿಲ್ ಬದಲಿಸಿ, ಅರ್ಥಿಂಗ್ ಸರಿ ಮಾಡಿಸಿ. ಜೊತೆಗೆ ಡಿಬಿ ಬಾಕ್ಸಿನಲ್ಲಿ, ಅಂದರೆ ಮನೆಯ ಮೇನ್ ಸ್ವಿಚ್ಚುಗಳ ಡಬ್ಬಿಯಲ್ಲಿ, ಕರೆಂಟು ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಇದೆಯಾ ಅಂತಲೂ ಕೇಳಿ. "ನಮ್ಮನೇಲಿ ಎಂಸಿಬಿ ಇದೆ" ಅಂತ ಎಲ್ಲರೂ ಹೇಳುತ್ತಾರೆ. ಎಂಸಿಬಿ ಅಂದರೆ ಕರೆಂಟು ಜಾಸ್ತಿ ಹರಿದರೆ ತಾನೇ ಬೀಳುವ (ಆಫ್ ಆಗುವ) ಸ್ವಿಚ್ಚು; ಅದು ಕಾಯುವುದು ವೈರನ್ನು. 16 ಆಂಪಿನ ಎಂಸಿಬಿ ಬೀಳುವುದಕ್ಕೆ 16ಕ್ಕಿಂತ ಜಾಸ್ತಿ ಕರೆಂಟು ಹರಿಯಬೇಕು. ಮನುಷ್ಯನ ಜೀವ ಹೋಗುವುದಕ್ಕೆ ಒಂದು ಆಂಪಿನ ಹತ್ತನೇ ಒಂದು ಪಾಲು ಸಾಕು. ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ಮನೆಗೆ ಹಾಕಿಸುವುದು 30 ಮಿಲಿ ಆಂಪಿನದು. ಹೋದ ಕರೆಂಟು ಅಷ್ಟೇ ವಾಪಸ್ ಬಂತಾ ಅಂತ ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ಲೆಕ್ಕ ತಪ್ಪಿದರೆ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಅದರ ಮೇಲೆ ಟಿ ಅಂತ ಬರೆದ ಸಣ್ಣ ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತಿ. ಕರೆಂಟು ಹೋದರೆ ಅದು ಬದುಕಿದೆ ಅಂತ ಅರ್ಥ. ಹೋಗದಿದ್ದರೆ ಬದಲಿಸಿ.

ಪ್ರಶ್ನೆ: ಬಾಡಿಗೆ ರೂಮಿನಲ್ಲಿ ಮೂವರು ಇದ್ದೇವೆ. ಇಂಡಕ್ಷನ್ ಸ್ಟವ್, ಕೆಟಲ್ ಎರಡಕ್ಕೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್. ಬೆಳಿಗ್ಗೆ ಹೊತ್ತು ಒಂದು ಥರ ಮೀನಿನ ವಾಸನೆ ಬರುತ್ತದೆ. ನಾವು ಮೂವರೂ ಮೀನು ತಿನ್ನುವವರಲ್ಲ.
– ವಿದ್ಯಾರ್ಥಿ, ಬೆಂಗಳೂರು

ಉತ್ತರ: ವಾಸನೆ ಬರುತ್ತಿರುವುದು ಪ್ಲಗ್ಗಿನಿಂದ ತಮ್ಮಾ. ಸ್ವಿಚ್ಚು, ಸಾಕೆಟ್ಟಿನ ಪ್ಲಾಸ್ಟಿಕ್ಕು ಕಾದು ಸುಡತೊಡಗಿದರೆ ಎಷ್ಟೋ ಸಲ ಕೆಟ್ಟ ಮೀನಿನ ವಾಸನೆಯೇ ಬರುತ್ತದೆ. ಹೊಗೆ, ಬೆಂಕಿ ಎಲ್ಲ ಆಮೇಲೆ.

ಒಂದು ಲೆಕ್ಕ ಮಾಡು. ಸ್ಟವ್ 2000 ವಾಟ್, ಕೆಟಲ್ 1500 ವಾಟ್. ಕೂಡಿಸಿ 230ರಿಂದ ಭಾಗಿಸಿದರೆ ಸುಮಾರು 15 ಆಂಪ್. ನಿನ್ನ ಎಕ್ಸ್‌ಟೆನ್ಷನ್ ಬಾಕ್ಸಿನ ಬೆನ್ನು ತಿರುಗಿಸಿ ನೋಡು, 6 ಆಂಪ್ ಅಂತ ಬರೆದಿರುತ್ತದೆ. ಸ್ಟವ್ ಒಂದೇ ಹಾಕಿದರೂ 9 ಆಂಪ್ ಹತ್ತಿರ. ಕನ್ವರ್ಟರ್ ಪ್ಲಗ್ ಹಾಕಿ ದಪ್ಪ ಪಿನ್ನನ್ನು ಸಣ್ಣ ತೂತಿಗೆ ಹೊಂದಿಸಿದ್ದೀಯಾ? ಪಿನ್ನು ಹೊಂದಿತು, ಒಳಗಿನ ವೈರು ದಪ್ಪ ಆಗಲಿಲ್ಲ.

ಆಫ್ ಮಾಡಿ ಪ್ಲಗ್ ಕಿತ್ತು ಪಿನ್ನುಗಳನ್ನು ನೋಡು. ಹಿತ್ತಾಳೆ ಹೊಳೆಯುತ್ತಿರಬೇಕು. ಕಪ್ಪಾಗಿದ್ದರೆ, ಸಾಕೆಟ್ಟಿನ ತೂತಿನ ಸುತ್ತ ಟೀ ಕಲೆಯ ಹಾಗೆ ಕಂದು ಬಣ್ಣ ಬಂದಿದ್ದರೆ, ಆ ಪ್ಲಗ್ಗನ್ನೂ ಬಾಕ್ಸನ್ನೂ ಎಸೆ. ಸ್ಟವ್ವಿಗೆ ಗೋಡೆಯ 16 ಆಂಪಿನ ಪಾಯಿಂಟೇ ಬೇಕು, ಕೆಟಲ್ಲಿಗೂ ಅಂಥದ್ದೇ. ಇಲ್ಲದಿದ್ದರೆ ಮನೆ ಓನರ್ ಹತ್ತಿರ ಕೇಳಿ. ಮೆಸೇಜಿನಲ್ಲೇ ಕೇಳಿ, ಬಾಯಿಮಾತು ಮರೆತುಹೋಗುತ್ತದೆ.

ಪ್ರಶ್ನೆ: ನಮ್ಮ ಮನೆಯ ಎಂಸಿಬಿ ಪದೇ ಪದೇ ಬೀಳುತ್ತಿತ್ತು. ಒಬ್ಬರು ಬಂದು 16 ತೆಗೆದು 32ರದ್ದು ಹಾಕಿದರು. ಈಗ ಬೀಳುವುದೇ ಇಲ್ಲ. ಆದರೂ ಯಾಕೋ ಅನುಮಾನ.
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ನಿಮ್ಮ ಅನುಮಾನ ಸರಿ ಸರ್. ನಾಯಿ ಬೊಗಳುತ್ತದೆ ಅಂತ ಅದರ ಬಾಯಿ ಕಟ್ಟಿ ಹೋಗಿದ್ದಾರೆ. ಗೋಡೆಯೊಳಗಿರುವುದು 2.5 ಚದರ ಮಿಲಿಮೀಟರಿನ ವೈರಾದರೆ 32 ಆಂಪ್ ಹೊರುವ ತಾಕತ್ತು ಅದಕ್ಕಿಲ್ಲ. ಎಂಸಿಬಿ ಸುಮ್ಮನಿರುತ್ತದೆ, ವೈರು ಬಿಸಿಯಾಗುತ್ತದೆ.

ಬೈಯುವ ಹಕ್ಕು ನನಗೂ ಇಲ್ಲ ಬಿಡಿ, ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಲಿಲ್ಲ. ಅಕ್ಕನ ಮನೆಯಲ್ಲಿ ನಾಮಕರಣ. ಅಂಗಳಕ್ಕೆ ಸೀರಿಯಲ್ ಲೈಟು, ಫೋಕಸ್ ಲೈಟು, ಮೈಕ್ ಸೆಟ್ಟು, ನೀರಿನ ಪಂಪು. ಪಿಂಗಾಣಿ ಫ್ಯೂಸು ಮೂರು ಸಲ ಹೋಯಿತು. ಭಾವ ಎಲ್ಲರೆದುರು, "ಏನಯ್ಯಾ, ದೊಡ್ಡ ಎಲೆಕ್ಟ್ರಿಷಿಯನ್ನು" ಅಂದರು. ನನಗೆ ಮಾನದ ಪ್ರಶ್ನೆ. ಫ್ಯೂಸ್ ತಂತಿ ಬಿಟ್ಟು ತಾಮ್ರದ ಮೂರು ಎಳೆ ಹೊಸೆದು ಬಿಗಿದೆ. ಆಮೇಲೆ ಫ್ಯೂಸು ಹೋಗಲೇ ಇಲ್ಲ. ಊಟದ ಮೂರನೇ ಪಂಕ್ತಿ ಕೂತಾಗ ಅಟ್ಟದ ಕಡೆಯಿಂದ ವಾಸನೆ. ಓಡಿ ಹೋಗಿ ನೋಡಿದರೆ, ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದಿದ್ದ ವೈರಿನ ಸಿಪ್ಪೆ ಕರಗಿ ಬೆಲ್ಲದ ಪಾಕದ ಹಾಗೆ ಇಳಿಯುತ್ತಿದೆ. ಕೆಳಗೆ ಒಣ ಹುಲ್ಲು. ಮೇನ್ ಎಳೆದೆ. ಮೊದಲು ಇಡೀ ಮನೆ ಕತ್ತಲು, ಆಮೇಲೆ ಭಾವನ ಬೈಗುಳ. ಆ ಪಟ್ಟಿಯ ಗೇಣುದ್ದ ತುಂಡು ಈಗಲೂ ನನ್ನ ಟೂಲ್ ಪೆಟ್ಟಿಗೆಯಲ್ಲಿದೆ. ಮಗ ಕೆಲಸ ಕಲಿಯಲು ಬಂದ ಮೊದಲ ದಿನ ಅದನ್ನೇ ಅವನ ಕೈಗೆ ಕೊಟ್ಟೆ.

ನೀವು ಮೊದಲು 16ನ್ನು ವಾಪಸ್ ಹಾಕಿಸಿ. ಆಮೇಲೆ ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಎಂಸಿಬಿ ಏರಿಸಿ, ಒಂದೊಂದಾಗಿ ಹಾಕುತ್ತ ಬನ್ನಿ. ಯಾವುದು ಹಾಕಿದಾಗ ಕೂಡಲೇ ಬೀಳುತ್ತದೋ ಅದು ಕಳ್ಳ. ಎಲ್ಲ ಒಟ್ಟಿಗೆ ನಡೆದಾಗ ಮಾತ್ರ ಬಿದ್ದರೆ ಲೋಡ್ ಜಾಸ್ತಿ, ಬೇರೆ ಲೈನ್ ಎಳೆಸಬೇಕು. ಏನೂ ಹಾಕದೆಯೂ ಬಿದ್ದರೆ ಗೋಡೆಯೊಳಗೆ ಇಲಿ ಕಡಿದಿರಬಹುದು, ಕ್ಯಾಲೆಂಡರ್ ಮೊಳೆ ತಾಗಿರಬಹುದು. ಅದು ಮನೆಯವರ ಕೆಲಸವಲ್ಲ, ತಿಳಿದವರನ್ನು ಕರೆಸಿ.

ಪ್ರಶ್ನೆ: ಮೇನ್ ಸ್ವಿಚ್ ಆಫ್ ಮಾಡಿಯೇ ಫ್ಯಾನಿನ ವೈರ್ ಮುಟ್ಟಿದೆ. ಆದರೂ ಶಾಕ್ ಹೊಡೆಯಿತು!
– ಓದುಗ, ಹಾಸನ

ಉತ್ತರ: ಯುಪಿಎಸ್ ಇದೆ ಅಲ್ವಾ? ಮೇನ್ ಆಫ್ ಮಾಡಿದರೆ ಅದಕ್ಕೆ ಕರೆಂಟು ಹೋಯಿತು ಅಂತಲೇ ಲೆಕ್ಕ, ಬ್ಯಾಟರಿಯಿಂದ 230 ವೋಲ್ಟ್ ಮಾಡಿ ಕಳಿಸುತ್ತದೆ. ಅದನ್ನೂ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ. ಆ ಟೆಸ್ಟರ್ ಸರಿಯಿದೆಯಾ ಅಂತ ಮೊದಲೇ ಕರೆಂಟಿರುವ ಪಾಯಿಂಟಿನಲ್ಲಿ ನೋಡಿಕೊಂಡಿರಬೇಕು.

ಪ್ರಶ್ನೆ: ಮನೆಯಲ್ಲಿ ಯಾರಿಗಾದರೂ ಕರೆಂಟು ಹಿಡಿದುಕೊಂಡರೆ ಏನು ಮಾಡಬೇಕು?
– ಅಂಗನವಾಡಿ ಕಾರ್ಯಕರ್ತೆ, ಶಿರಸಿ

ಉತ್ತರ: ಅವರನ್ನು ಮುಟ್ಟಬಾರದು. ಎಳೆಯಲು ಹೋದ ಅಮ್ಮನೋ ಅಣ್ಣನೋ ಜೊತೆಗೇ ಸಿಕ್ಕಿಕೊಳ್ಳುತ್ತಾರೆ. ಮೊದಲು ಮೇನ್ ಆಫ್. ಯುಪಿಎಸ್ ಇದ್ದರೆ ಅದೂ ಆಫ್. ಆಗದಿದ್ದರೆ ಒಣಗಿದ ಹಲಗೆಯ ಮೇಲೆ ನಿಂತು, ಒಣಗಿದ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ದೂಡಿ. ಒದ್ದೆ ಕೋಲು, ಕಬ್ಬಿಣದ ದೋಟಿ ಬೇಡವೇ ಬೇಡ. ಉಸಿರಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಗಟ್ಟಿಯಾಗಿ, ಬೇಗ ಬೇಗ ಒತ್ತುತ್ತಲೇ ಇರಿ. ಎದ್ದು ಕೂತು "ನಂಗೇನೂ ಆಗಿಲ್ಲ" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದೆಲ್ಲ ಮನೆಯೊಳಗಿನ ಕರೆಂಟಿಗೆ. ಬೀದಿಯ ಲೈನ್ ಕಡಿದು ಬಿದ್ದಿದ್ದರೆ ಕೋಲು ಹಿಡಿದೂ ಹತ್ತಿರ ಹೋಗಬೇಡಿ, ಕರೆಂಟು ಕಂಪನಿಯ 1912ಕ್ಕೆ ಫೋನ್ ಮಾಡಿ.

ನಿಮ್ಮ ಮೇನ್ ಸ್ವಿಚ್ಚಿನ ಮುಂದೆ ಅಕ್ಕಿ ಮೂಟೆ ಇಟ್ಟಿದ್ದರೆ ಇವತ್ತೇ ಸರಿಸಿ. ಮಕ್ಕಳನ್ನು ಕರೆದು ಮೇನ್ ಎಲ್ಲಿದೆ ತೋರಿಸಿ ಅಂತಲೂ ಕೇಳಿ. 34 ವರ್ಷ ವೈರಿಂಗ್ ಮಾಡಿದವನ ಮೊಮ್ಮಗಳು ಮೊನ್ನೆ ಕೇಬಲ್ ಟಿವಿ ಡಬ್ಬಿ ತೋರಿಸಿದಳು.