ನಮ್ಮೂರಿನ ಹೆಸರಲ್ಲಿ ಒಂದು ತಾಲ್ಲೂಕಿತ್ತು

ಮರೆತುಹೋದ ಊರುಗಳು, ಯಾರೂ ತಿರುಗಿ ನೋಡದ ಇತಿಹಾಸ, ಇಂಥದ್ದರ ಬಗ್ಗೆ ಯಾವ ಪುಸ್ತಕ ಓದಲಿ ಅಂತ ಕೇಳಿದ್ದೀರಿ. ಹಂಪಿ, ಬಾದಾಮಿ ಬೇಡ, ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತಲಿನದು ಬೇಕು ಅಂದಿದ್ದೀರಿ. ಆ ಷರತ್ತು ನನಗೆ ಬಹಳ ಹಿಡಿಸಿತು.

ನಾನು ಇತಿಹಾಸ ಓದಿದವನಲ್ಲ. ಹುಬ್ಬಳ್ಳಿಯಲ್ಲಿ ಬೀಜದ ವ್ಯಾಪಾರ, ವಾರದಲ್ಲಿ ನಾಲ್ಕು ದಿನ ಗದಗ, ಹಾವೇರಿ ಕಡೆ ಬೈಕ್ ಮೇಲೆ ತಿರುಗಾಟ. ಆದರೂ ನಾನು ಮೊದಲು ಹೇಳುವ ಪುಸ್ತಕ ಕಥೆಯಂತೆ ಓದಿಸಿಕೊಂಡು ಹೋಗುವಂಥದ್ದಲ್ಲ. ಅದೊಂದು ಸರ್ಕಾರಿ ಪುಸ್ತಕ, ಜಿಲ್ಲೆಯ ಊರು, ಜನ, ಇತಿಹಾಸದ ವಿವರವೆಲ್ಲ ಒಟ್ಟುಮಾಡಿದ್ದು. 1884ರಲ್ಲಿ ಬಂದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್, 22ನೇ ಸಂಪುಟ, ಧಾರವಾಡ ಜಿಲ್ಲೆ. ಇಂಗ್ಲಿಷಿನಲ್ಲಿದೆ.

ಅದರ ಹುಚ್ಚು ಹಿಡಿಸಿದ್ದು ನಮ್ಮ ಅಜ್ಜ. ನಮ್ಮ ಮೂಲ ಊರು ಹಾವೇರಿ ಹತ್ತಿರದ ಕರಜಗಿ. ಒಂದು ರೈಲು ಸ್ಟೇಷನ್ ಇದೆ, ಪಕ್ಕದಲ್ಲಿ ವರದಾ ನದಿ ಹರಿಯುತ್ತದೆ, ಇಷ್ಟು ಬಿಟ್ಟರೆ ಹೊರಗಿನವರಿಗೆ ಹೇಳಲು ಏನೂ ಇಲ್ಲ. ಆದರೆ ಮನೆಯಲ್ಲಿ ಯಾರಾದರೂ ಹಾವೇರಿಯನ್ನು ಹೊಗಳಿದರೆ ಸಾಕು, ಅಜ್ಜ ಅಡಿಕೆಲೆ ಪಕ್ಕಕ್ಕಿಟ್ಟು, "ಹಾವೇರಿದೇನ್ ಹೇಳ್ತೀರಿ? ತಾಲ್ಲೂಕಿಗೆ ನಮ್ಮೂರ ಹೆಸರಿತ್ತು" ಅನ್ನುತ್ತಿದ್ದ. ನಾವೆಲ್ಲ ಕಣ್ಣು ಮಿಟುಕಿಸಿ ನಗುತ್ತಿದ್ದೆವು. ಅವನು ಹೋಗಿ ಎಷ್ಟೋ ವರ್ಷದ ಮೇಲೆ ಈ ಗೆಜೆಟಿಯರ್ ತೆರೆದೆ. ಆಗಿನ ಧಾರವಾಡ ಜಿಲ್ಲೆಗೆ 11 ತಾಲ್ಲೂಕು. ಧಾರವಾಡ, ಹುಬ್ಬಳ್ಳಿ, ಗದಗ, ನವಲಗುಂದ, ರೋಣ, ಬಂಕಾಪುರ, ಕರಜಗಿ... ಕರಜಗಿ! ಪಟ್ಟಿಯಲ್ಲಿ ಹಾವೇರಿ ಇರಲಿಲ್ಲ. ಕಚೇರಿ ಎಲ್ಲಿತ್ತು ಅನ್ನುವ ಜಗಳ ಬೇರೆ, ಹೆಸರಂತೂ ನಮ್ಮೂರದ್ದೇ. ಅದೇ ಪಟ್ಟಿಯಲ್ಲಿ ಕೋಡ ಅಂತಲೂ ಒಂದು ತಾಲ್ಲೂಕಿದೆ. ಈಗ ಅದು ಹಿರೇಕೆರೂರು ಕಡೆಯ ಒಂದು ಹಳ್ಳಿ. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು ಎಲ್ಲರಿಗೂ ನೆನಪಿದೆ. ಕೋಡ ತಾಲ್ಲೂಕು ಯಾರಿಗೆ ನೆನಪಿದೆ?

ಈ ಪುಸ್ತಕವನ್ನು ಮೊದಲ ಪುಟದಿಂದ ಓದಬೇಡಿ, ನಿದ್ದೆ ಬರುತ್ತದೆ. ಕೊನೆಗೆ ಹೋಗಿ. ಅಲ್ಲಿ ಊರುಗಳ ಹೆಸರು ಅಕ್ಷರದ ಪ್ರಕಾರ ಸಾಲಾಗಿವೆ. ಯಾವ ಗುಡಿ, ಯಾವ ಕೆರೆ, ಎಲ್ಲಿ ಶಾಸನ, ಎಲ್ಲ ಊರೂರಿನ ಲೆಕ್ಕದಲ್ಲಿದೆ. ಗೊತ್ತಿರೋ ಒಂದು ಊರು ಹಿಡಿದು ಶುರು ಮಾಡಿ. ಒಂದು ಎಚ್ಚರಿಕೆ: ಬರೆದವರು ಆಳುವ ಸಾಹೇಬರು. ಜಾತಿಗಳ ಬಗ್ಗೆ, ಜನರ ಗುಣದ ಬಗ್ಗೆ ಬರೆದ ಪುಟಗಳಲ್ಲಿ ಅವರ ಅಹಂಕಾರವೇ ಜಾಸ್ತಿ. ಸ್ಕ್ಯಾನ್ ಮಾಡಿದ ಪ್ರತಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಾನು ಝೆರಾಕ್ಸ್ ಮಾಡಿಸಿ ಮೋಸಹೋದೆ. ಅಂಗಡಿಯವನು ಬೈಂಡ್ ಮಾಡಿ ಕೊಟ್ಟದ್ದರಲ್ಲಿ ಲಕ್ಕುಂಡಿಯ ಪುಟಗಳೇ ಇರಲಿಲ್ಲ.

ಎರಡನೆಯದು ಶಾಸನ ಸಂಪುಟಗಳು. ಮೈಸೂರು ಕಡೆಯವರಿಗೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಗೊತ್ತು. ಅದನ್ನು ತೆರೆದು ನಮ್ಮ ಗದಗ, ರೋಣ ಹುಡುಕಿದರೆ ಸಿಗುವುದಿಲ್ಲ. ರೈಸ್ ಕೆಲಸ ಮಾಡಿದ್ದು ಮೈಸೂರು ಸಂಸ್ಥಾನದಲ್ಲಿ, ನಾವಿದ್ದದ್ದು ಬಾಂಬೆ ಪ್ರೆಸಿಡೆನ್ಸಿಯಲ್ಲಿ. ನಮ್ಮ ಭಾಗದ ಕಲ್ಲುಗಳು ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್ ಮಾಲೆಯಲ್ಲಿ, ಬಾಂಬೆ-ಕರ್ನಾಟಕ ಶಾಸನಗಳು ಅನ್ನುವ ಹೆಸರಲ್ಲಿ ಸೇರಿಕೊಂಡಿವೆ. 11ನೇ ಸಂಪುಟದಿಂದ ಶುರುಮಾಡಿ. ಎಲ್ಲಿ ಏನಿದೆ ಅಂತ ತಿಳಿಯಲು ಎಂ. ಎಂ. ಕಲಬುರ್ಗಿಯವರು ಮಾಡಿದ ಧಾರವಾಡ ಜಿಲ್ಲೆಯ ಶಾಸನ ಸೂಚಿ ಇದೆ.

ಈ ಕಲ್ಲುಗಳನ್ನು ಮೊದಲು ಒಟ್ಟುಮಾಡಿದವನ ಕಥೆಯೇ ಒಂದು ಕಾದಂಬರಿ. ವಾಲ್ಟರ್ ಎಲಿಯಟ್ ಅಂತ ಒಬ್ಬ ಸಣ್ಣ ವಯಸ್ಸಿನ ಅಧಿಕಾರಿ. 1824ರಲ್ಲಿ ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ದಿನ ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕ ಇಬ್ಬರಲ್ಲಿ ಇವನೊಬ್ಬ. ಬಿಡುಗಡೆಯಾದವನು ಈ ನಾಡಿನ ಮೇಲೆ ಹಗೆ ಸಾಧಿಸಲಿಲ್ಲ. ಊರೂರಿನ ಶಾಸನ ನಕಲು ಮಾಡಿಸುತ್ತ ಹೋದ. ಒಟ್ಟು 595 ಶಾಸನ, ಕೈಬರಹದ ಎರಡು ಸಂಪುಟ. ಮುಂದೆ ಜೆ. ಎಫ್. ಫ್ಲೀಟ್ ಚಾಲುಕ್ಯರ, ಕದಂಬರ ಇತಿಹಾಸ ಬರೆಯುವಾಗ ಇವೂ ಉಪಯೋಗಕ್ಕೆ ಬಂದವು.

ಶಾಸನದಲ್ಲಿ ಏನಿರುತ್ತದೆ ಮಹಾ ಅಂತೀರಾ? ಡಂಬಳ ನೋಡಿ. ನಮ್ಮ ಬೀಜದ ಡೀಲರ್ ಒಬ್ಬರು ಮುಂಡರಗಿಯಲ್ಲಿದ್ದಾರೆ, ಅಲ್ಲಿಗೆ ಹೋಗುವಾಗಲೆಲ್ಲ ಡಂಬಳದಲ್ಲಿ ಚಹಾ ಕುಡಿಯುತ್ತೇನೆ. ಜನ ಅಲ್ಲಿಗೆ ಬರುವುದು ದೊಡ್ಡಬಸಪ್ಪನ ಗುಡಿಗೆ. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗಿಕೊಂಡು ಹೋಗುವ ಗೋಡೆ, ನೋಡಿದಷ್ಟೂ ಸಾಲದು. ಆದರೆ ಇದೇ ಊರಿನ 1095ರ ಶಾಸನವೊಂದಿದೆ, ಆರನೇ ವಿಕ್ರಮಾದಿತ್ಯನ ಕಾಲದ್ದು. ಅದು ಶುರುವಾಗುವುದು ಬೌದ್ಧರ ತಾರಾದೇವಿಯ ಸ್ತುತಿಯಿಂದ. ಆಗ ಊರಿನ ಹೆಸರು ಧರ್ಮವೊಳಲು. ಹದಿನಾರು ಮಂದಿ ಶೆಟ್ಟರು ಸೇರಿ ಇಲ್ಲೊಂದು ಬೌದ್ಧ ವಿಹಾರ ಕಟ್ಟಿಸಿದ್ದರು. ನಮ್ಮ ಶಾಲೆಯ ಪುಸ್ತಕದಲ್ಲಿ ಬೌದ್ಧ ಧರ್ಮ ಅಂದರೆ ಅಶೋಕ, ಮಸ್ಕಿ, ಅಲ್ಲಿಗೆ ಮುಗಿಯಿತು, ಅಲ್ವಾ? ಇಲ್ಲಿ ನೋಡಿದರೆ ಬಸವಣ್ಣನವರು ಹುಟ್ಟುವ ಸ್ವಲ್ಪವೇ ಮುಂಚೆ ಗದಗಿನ ಪಕ್ಕದಲ್ಲಿ ವ್ಯಾಪಾರಿಗಳು ಬುದ್ಧನಿಗೆ ದತ್ತಿ ಬಿಡುತ್ತಿದ್ದಾರೆ. ಚಹಾದಂಗಡಿಯಲ್ಲಿ ಕೇಳಿದೆ. ವಿಹಾರ ಎಲ್ಲಿತ್ತು ಅಂತ ತೋರಿಸುವವರು ನನಗಂತೂ ಸಿಗಲಿಲ್ಲ.

ಇನ್ನು ಕನ್ನಡ ಪುಸ್ತಕಗಳು. ಶಂ. ಬಾ. ಜೋಶಿಯವರ 'ಕಣ್ಮರೆಯಾದ ಕನ್ನಡ' ಓದಲೇಬೇಕು. ಧಾರವಾಡದಲ್ಲಿ ಮಾಸ್ತರಿಕೆ ಮಾಡುತ್ತಿದ್ದವರು, ಈಗ ಮರಾಠಿ ಆಡುವ ಸೀಮೆಯಲ್ಲಿ ಕನ್ನಡದ ಹೆಜ್ಜೆ ಹುಡುಕಿಕೊಂಡು ಹೋದರು. ಊರು ಹೆಸರೂ ಸಾಕ್ಷಿ ಹೇಳುತ್ತದೆ ಅಂತ ನನಗೆ ಹೊಳೆದದ್ದು ಅದನ್ನು ಓದಿದ ಮೇಲೆ. ಎಲ್ಲ ವಾದ ಒಪ್ಪಬೇಕಾಗಿಲ್ಲ, ಕೆಲವು ಕಡೆ ಎಳೆದು ತಂದಂತೆ ಅನ್ನಿಸುತ್ತದೆ. ಆಲೂರು ವೆಂಕಟರಾಯರ 1917ರ 'ಕರ್ನಾಟಕ ಗತವೈಭವ'ವನ್ನು ಇತಿಹಾಸ ಅಂತ ಓದುವುದಕ್ಕಿಂತ, ತಮ್ಮದು ಒಂದು ನಾಡು ಅನ್ನುವುದನ್ನೇ ಮರೆತಿದ್ದ ಜನರನ್ನು ಎಬ್ಬಿಸಲು ಬರೆದದ್ದು ಅಂತ ಓದಿ.

ಊರುಗಳಲ್ಲಿ ನನ್ನ ಆಯ್ಕೆ ಎರಡು. ಒಂದು ಬಂಕಾಪುರ. ಹೆದ್ದಾರಿಯಲ್ಲಿ ಟೋಲ್ ಕಟ್ಟಿ ಎಲ್ಲರೂ ಸುಮ್ನೆ ಮುಂದೆ ಹೋಗುತ್ತಾರೆ. ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು ಸಲ್ಲೇಖನ, ಅಂದರೆ ಊಟ ಬಿಟ್ಟು ಸಾವನ್ನು ಬರಮಾಡಿಕೊಳ್ಳುವ ಜೈನರ ವ್ರತ ಹಿಡಿದು ಪ್ರಾಣ ಬಿಟ್ಟದ್ದು ಇಲ್ಲಿ. ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ತಪ್ಪದೆ ನೋಡಿ. ಇನ್ನೊಂದು ಲಕ್ಷ್ಮೇಶ್ವರ, ಹಳೆಯ ಪುಲಿಗೆರೆ. ಕವಿರಾಜಮಾರ್ಗ ಹೇಳುವ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಲ್ಕು ಊರುಗಳಲ್ಲಿ ಇದೂ ಒಂದು. ಪಂಪ ತನ್ನ ಭಾಷೆ ಪುಲಿಗೆರೆಯ ತಿರುಳ ಕನ್ನಡ ಅಂತ ಹೆಮ್ಮೆಯಿಂದ ಹೇಳಿಕೊಂಡ. ನಮ್ಮ ಕಡೆಯ ಮಾತಿಗೆ ನಗುವವರಿಗೆ ನಾನು ಇದನ್ನೇ ಹೇಳುವುದು.

ಪುಸ್ತಕ ಓದಿ ಊರಿಗೆ ಹೋಗುವುದಾದರೆ ಮಧ್ಯಾಹ್ನ ಹೋಗಬೇಡಿ. ನಾನು ಒಮ್ಮೆ ರೋಣದ ಕಡೆಯ ಹಳ್ಳಿಯೊಂದರಲ್ಲಿ ಹನುಮಪ್ಪನ ಗುಡಿ ಹಿಂದೆ ಒಂದು ಕಲ್ಲು ನೋಡಿದೆ. ಅದಕ್ಕೆ ಎಮ್ಮೆ ಕಟ್ಟಿದ್ದರು. ಹನ್ನೆರಡು ಗಂಟೆಯ ಬಿಸಿಲಿಗೆ ಒಂದಕ್ಷರವೂ ಕಾಣಲಿಲ್ಲ. ಡೀಲರ್ ಕೆಲಸ ಮುಗಿಸಿ ಐದು ಗಂಟೆಗೆ ಬಂದರೆ ಓರೆ ಬಿಸಿಲು ಬಿದ್ದು ಅಕ್ಷರಗಳು ಎದ್ದು ನಿಂತಿದ್ದವು. ಮೇಲೆ ಸೂರ್ಯ, ಚಂದ್ರ, ಹಸು-ಕರು. ಕೆಳಗೆ "ಸ್ವಸ್ತಿ ಸಮಸ್ತ ಭುವನಾಶ್ರಯ". ಈ ಒಂದು ಸಾಲಿನ ಹಳಗನ್ನಡ ಲಿಪಿ ಕಲಿತಿಟ್ಟುಕೊಳ್ಳಿ, ಚಾಲುಕ್ಯರ ಎಷ್ಟೋ ಕಲ್ಲು ಹೀಗೇ ಶುರುವಾಗುತ್ತವೆ. ಕೊನೆಯ ಸಾಲುಗಳಲ್ಲಿ ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ ಸುತ್ತಿಕೊಳ್ಳಲಿ ಅನ್ನುವ ಶಾಪ ಎಷ್ಟೋ ಕಲ್ಲುಗಳಲ್ಲಿ ಇರುತ್ತದೆ. ಅದು ಹೂತಿದೆಯೋ ಅಂತ ನಾನು ಬಗ್ಗಿ ಬುಡದ ಮಣ್ಣು ಸರಿಸುತ್ತಿದ್ದೆ. ಎಮ್ಮೆಯ ಯಜಮಾನರು ಹಿಂದೆ ಬಂದು ನಿಂತರು.

"ಏನ್ ಹುಡುಕಾಕತ್ತೀರಿ ಸಾಹೇಬ್ರ? ನಿಧಿ ಐತೇನು ಬುಡಕ?"

ಇಲ್ಲ ಅಜ್ಜಾರ, ಬರೀ ಓದಾಕತ್ತೀನಿ ಅಂದೆ. ನಂಬಲಿಲ್ಲ. ನಾನು ಬೈಕ್ ಹತ್ತುವ ತನಕ ಅಲ್ಲೇ ಇದ್ದರು. ಹಾಗಾಗಿ ನೀವು ಹೋದಾಗ ಮೊದಲು ಕಟ್ಟೆ ಮೇಲೆ ಕೂತವರನ್ನು ಮಾತಾಡಿಸಿ, ಆಮೇಲೆ ಕಲ್ಲಿನ ಹತ್ತಿರ ಹೋಗಿ. ಮಣ್ಣು ಮಾತ್ರ ಮುಟ್ಟಬೇಡಿ.